ನಮ್ಮ ಓದುಗರ ಸಂಘದ ಕಡತ: ಆರು ತಿಂಗಳಲ್ಲಿ ಎಲ್ಲಿಗೆ ಬಂತು

ಏಪ್ರಿಲ್ 2025

ಊರಿನ ಓದುಗರ ಸಂಘಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದರು. ಭಾನುವಾರ ಬೆಳಿಗ್ಗೆ ಎರಡು ಗಂಟೆ ಇದಕ್ಕೇ ಅಂತ ಇಟ್ಟುಕೊಂಡಿದ್ದೇನೆ. ಹಳೆಯ ಕಾರ್ಯದರ್ಶಿ ಒಂದು ಟ್ರಂಕು ಕೊಟ್ಟರು. ನೋಂದಣಿ ಪತ್ರ, ಬೈಲಾ ಅಂದರೆ ಸಂಘದ ನಿಯಮಾವಳಿ, ಸಭೆಗಳ ನಿರ್ಣಯ ಬರೆದಿಡುವ ಮೂರು ನಡಾವಳಿ ಪುಸ್ತಕ, ಒಂದು ಚೀಲ ರಸೀದಿ. ಅವತ್ತು ರಾತ್ರಿಯೇ ಬೈಲಾ ಓದಿದೆ. ಕಾರ್ಯಕಾರಿ ಸಮಿತಿಯ ಅವಧಿ ಮೂರು ವರ್ಷ ಅಂತಿದೆ. ಕೊನೆಯ ಚುನಾವಣೆ ಆಗಿದ್ದು 2017ರಲ್ಲಿ. ಹಾಗಾದ್ರೆ ನನ್ನನ್ನು ನೇಮಿಸಿದ ಸಮಿತಿಗೆ ಆ ಅಧಿಕಾರ ಇತ್ತಾ? ನಿದ್ದೆ ಬರಲಿಲ್ಲ.

ಮೇ

ಬ್ಯಾಂಕಿನಲ್ಲಿ ಸಹಿ ಬದಲಿಸಬೇಕಿತ್ತು. ಖಾತೆಗೆ ಸಹಿ ಹಾಕುತ್ತಿದ್ದ ಹಿರಿಯರು ತೀರಿಕೊಂಡಿದ್ದಾರೆ. ನೋಂದಣಾಧಿಕಾರಿಗೆ ಸಲ್ಲಿಸಿದ ಪದಾಧಿಕಾರಿಗಳ ಪಟ್ಟಿ ತನ್ನಿ ಅಂದರು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ವಾರ್ಷಿಕ ಸಭೆಯಾದ 14 ದಿನದೊಳಗೆ ಆ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕ ಸಲ್ಲಿಸಬೇಕು. ನಮ್ಮದು ವರ್ಷಗಟ್ಟಲೆ ಬಾಕಿ. ಅವಧಿ ಮುಗಿದ ಸಮಿತಿ ಹಾಗೇ ಮುಂದುವರಿದರೆ ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸಲು ಕಾಯ್ದೆಯಲ್ಲೇ ಅವಕಾಶವಿದೆ. ಇದನ್ನು ಓದಿ ಹೇಳಿದಾಗ ಅಧ್ಯಕ್ಷರಾದ ಮೇಷ್ಟ್ರು ತುಂಬ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ, "ಮೊದಲು ಬಾಕಿ ಆಡಿಟ್ ಮಾಡಿಸಪ್ಪಾ" ಅಂದರು.

ಜೂನ್

ಬರೀ ರಸೀದಿ ಜೋಡಿಸುವ ಕೆಲಸ. ಕಷ್ಟವಾಗಿದ್ದು ನಡಾವಳಿ ಪುಸ್ತಕದಿಂದ. "ಲೆಕ್ಕಪತ್ರ ಓದಿ ಒಪ್ಪಲಾಯಿತು" ಅಂತಷ್ಟೇ ಇದೆ. ಎಷ್ಟು ಹಣ, ಯಾರು ಸೂಚಿಸಿದರು, ಯಾರು ಅನುಮೋದಿಸಿದರು, ಏನೂ ಇಲ್ಲ. ಆಡಿಟರ್ ಒಂದೊಂದು ಖರ್ಚಿಗೂ ನಿರ್ಣಯ ಎಲ್ಲಿ ಅಂತ ಕೇಳುತ್ತಿದ್ದರು.

ಜುಲೈ

ಈ ತಿಂಗಳು ತುಂಬ ಭಾರವಾಗಿತ್ತು. ನಮ್ಮ ವಾಚನಾಲಯ ಇರೋದು ಖಜಾಂಚಿಯವರ ಕಟ್ಟಡದಲ್ಲಿ. 2022ರಲ್ಲಿ ಬಾಡಿಗೆ 4,000ದಿಂದ 9,000 ರೂಪಾಯಿ ಆಗಿದೆ, ನಿರ್ಣಯ ಇಲ್ಲ. ಸಂಘದ ಹಣ ಸಮಿತಿಯವರಿಗೋ ಅವರ ಮನೆಯವರಿಗೋ ನ್ಯಾಯವಾದ ದರಕ್ಕಿಂತ ಜಾಸ್ತಿ ಹೋದರೆ ಆದಾಯ ತೆರಿಗೆ ವಿನಾಯಿತಿಗೇ ಕುತ್ತು ಅಂದರು ಆಡಿಟರ್. ಅಕ್ಕಪಕ್ಕದ ಮಳಿಗೆಗಳಲ್ಲಿ ಕೇಳಿದೆ, 7,000ದ ಆಸುಪಾಸು.

ಖಜಾಂಚಿಯವರು ಕೆಟ್ಟವರಲ್ಲ. ಕೊರೊನಾದ ಎರಡು ವರ್ಷ ಒಂದು ಪೈಸೆ ಬಾಡಿಗೆ ತಗೊಂಡಿಲ್ಲ. ಆದರೆ ಅದನ್ನೂ ಯಾರೂ ಬರೆದಿಟ್ಟಿಲ್ಲ. ಬರೆದಿದ್ದರೆ ಇವತ್ತು ಅವರ ಪರವಾಗಿ ತೋರಿಸಲು ಒಂದು ಕಾಗದ ಇರುತ್ತಿತ್ತು. ಸಭೆಯಲ್ಲಿ ಬಾಡಿಗೆ ವಿಷಯ ಬಂದಾಗ ಅವರೇ ಎದ್ದು ಹೊರಗೆ ಹೋದರು. ಉಳಿದವರು ಮಾತಾಡಿ 7,000ಕ್ಕೆ ಇಳಿಸಿದೆವು. ಅವರು ಹೊರಗೆ ಹೋದದ್ದನ್ನೂ ನಡಾವಳಿಯಲ್ಲಿ ಬರೆದೆ. ವಾಪಸ್ ಬಂದು ಓದಿ, ಸಹಿ ಮಾಡಿ, ಎಲ್ಲರಿಗೂ ಚಹಾ ತರಿಸಿದರು. ಅವರ ಮೇಲಿನ ಗೌರವ ಹೆಚ್ಚಾಯಿತು.

ಆಗಸ್ಟ್

ಸರ್ವಸದಸ್ಯರ ಸಭೆ. ಬೈಲಾದಂತೆ 21 ದಿನ ಮೊದಲೇ ನೋಟಿಸ್ ಕೊಟ್ಟೆವು. ವಾಟ್ಸಾಪ್ ಸಾಲದು ಅಂತ ಮನೆಮನೆಗೆ ಹೋಗಿ ಸಹಿ ತಗೊಂಡೆ. ಮೊದಲ ದಿನ ಕೋರಂ (ಸಭೆ ನಡೆಸಲು ಬೇಕಾದಷ್ಟು ಜನ) ಆಗಲಿಲ್ಲ, ಮಳೆ. ಮುಂದೂಡಿದ ಸಭೆಗೆ 43 ಜನ ಬಂದರು. ಚುನಾವಣೆ ಆಯಿತು. ಇಬ್ಬರು ಹೆಣ್ಣುಮಕ್ಕಳು ಮೊದಲ ಸಲ ಸಮಿತಿಗೆ ಬಂದರು. ನಾನೂ ಈಗ ಆಯ್ಕೆಯಾದ ಕಾರ್ಯದರ್ಶಿ. ಬಾಕಿ ವರ್ಷಗಳ ಲೆಕ್ಕ, ಪಟ್ಟಿ, ದಂಡ ಎಲ್ಲ ಸೇರಿಸಿ 14 ದಿನದೊಳಗೆ ಸಲ್ಲಿಸಿದೆವು.

ಸೆಪ್ಟೆಂಬರ್

ತೆರಿಗೆ ಇಲಾಖೆಯ 12ಎಬಿ (ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ನಮಗೆ ದಾನ ಕೊಟ್ಟವರಿಗೆ ತೆರಿಗೆ ರಿಯಾಯಿತಿ) ನೋಂದಣಿಗಳು 2021ರಲ್ಲಿ ಐದು ವರ್ಷಕ್ಕೆ ಸಿಕ್ಕಿದ್ದವು. ಮಾರ್ಚ್ 31, 2026ಕ್ಕೆ ಮುಗಿಯುತ್ತವೆ. ನವೀಕರಣದ ಅರ್ಜಿ, ಅಂದರೆ ಫಾರಂ 10ಎಬಿ, ಆರು ತಿಂಗಳು ಮೊದಲೇ ಹೋಗಬೇಕು: ಸೆಪ್ಟೆಂಬರ್ 30. ತಪ್ಪಿಸಿದರೆ ವಿನಾಯಿತಿ ಹೋಗುವುದಷ್ಟೇ ಅಲ್ಲ, ಸಂಘದ ಆಸ್ತಿಯ ಮಾರುಕಟ್ಟೆ ಬೆಲೆ ಲೆಕ್ಕ ಹಾಕಿ ತೆರಿಗೆ ಹಾಕಲು 2023ರಿಂದ ದಾರಿ ಮಾಡಿದ್ದಾರೆ. ನಮಗೆ ದಾನಿಯೊಬ್ಬರು ಕೊಟ್ಟ ಮೂವತ್ತು-ನಲವತ್ತರ ಸೈಟು ಇದೆ. ಮುಂದೆ ಸ್ವಂತ ಗ್ರಂಥಾಲಯ ಕಟ್ಟುವ ಜಾಗ ಅದು. ಅದನ್ನು ಒಂದು ಫಾರಂ ಮರೆತು ಕಳೆದುಕೊಳ್ಳಲಾದೀತೇ?

26ಕ್ಕೆ ಅರ್ಜಿ ಹೋಯಿತು. ವಾರ್ಷಿಕ ಆದಾಯ ಐದು ಕೋಟಿ ದಾಟದ ಸಂಸ್ಥೆಗಳಿಗೆ 12ಎಬಿ ಈಗ ಹತ್ತು ವರ್ಷಕ್ಕೆ ಸಿಗುತ್ತದೆ. 80ಜಿ ಮಾತ್ರ ಐದೇ ವರ್ಷ.

ಇನ್ನೂ ಬಾಕಿ: ಬಾಡಿಗೆ ಕರಾರು ಪತ್ರ. ಬ್ಯಾಂಕಿಗೆ ಹೊಸ ನಿರ್ಣಯದ ಪ್ರತಿ. ದಾನಿಗಳ ಪ್ಯಾನ್ ಅಥವಾ ಆಧಾರ್ ಸಂಗ್ರಹ, ಏಕೆಂದರೆ ಮೇ 31ರೊಳಗೆ ದಾನಿಗಳ ವಿವರದ ಫಾರಂ 10ಬಿಡಿ ತೆರಿಗೆ ಇಲಾಖೆಗೆ ಹೋಗಬೇಕು. 2,000 ರೂಪಾಯಿ ಮೀರಿದ ನಗದು ದಾನಕ್ಕೆ 80ಜಿ ರಿಯಾಯಿತಿ ಸಿಗೋದಿಲ್ಲ ಅಂತ ರಸೀದಿ ಪುಸ್ತಕದ ಮೇಲೆ ಅಚ್ಚು ಹಾಕಿಸಬೇಕು. ನಾಲ್ಕನೇ ನಡಾವಳಿ ಪುಸ್ತಕ ತಂದಿದ್ದೇನೆ. ಪುಟಗಳಿಗೆ ನಂಬರ್ ಹಾಕುತ್ತಿದ್ದೇನೆ.