ಜಪಾನಿನ ಹಳೇ ವರ್ಣಚಿತ್ರ ನೋಡೋಕೆ ಹೋಗ್ತೀರಾ? ಮೊದಲು ತಾರೀಖು ನೋಡಿ

ಜಪಾನಿನ ಹಳೇ ಕಾದಂಬರಿ ‘ಗೆಂಜಿ ಕಥೆ’ಯನ್ನು ಕಾಗದದ ಸುರುಳಿಯ ಮೇಲೆ ಬರೆದ ಚಿತ್ರಗಳನ್ನು ನೋಡಲೆಂದೇ ಹೊರಟಿದ್ದರೆ, ವಿಮಾನದ ಟಿಕೆಟ್ ಮಾಡಿಸುವ ಮುಂಚೆ ಮ್ಯೂಸಿಯಂನವರು ಅದನ್ನು ಯಾವಾಗ ಹೊರಗಿಡುತ್ತಾರೆ ಅಂತ ತಿಳಿದುಕೊಳ್ಳಿ. ಅದು 12ನೇ ಶತಮಾನದ್ದು. ಬೆಳಕು ಬಿದ್ದಷ್ಟೂ ಬಣ್ಣ ಹಾಳು. ಹಾಗಾಗಿ ಮೂಲ ಚಿತ್ರಗಳು ಹೊರಬರುವುದು ವರ್ಷದಲ್ಲಿ ಕೆಲವೇ ದಿನ. ಹೆಚ್ಚಿನ ಭಾಗ ನಗೋಯಾದ ತೊಕುಗಾವಾ ಮ್ಯೂಸಿಯಂನಲ್ಲಿದೆ, ಸ್ವಲ್ಪ ಟೋಕಿಯೋದ ಗೊತೋ ಮ್ಯೂಸಿಯಂನಲ್ಲಿ. ನಗೋಯಾದಲ್ಲಿ ನಮಗೆ ಸಿಕ್ಕಿದ್ದು ಬರೀ ಪ್ರತಿಕೃತಿ. ಕರೆದುಕೊಂಡು ಹೋದ ಟೂರ್‌ನವರು ಈ ವಿಷಯ ಬಾಯೇ ಬಿಟ್ಟಿರಲಿಲ್ಲ. ಅಷ್ಟು ದೂರ ಹೋದವರಿಗೆ ಸಿಟ್ಟು ಬರುತ್ತೆ ಅಲ್ವಾ?

ಆ ಬೇಸರ ಕಳೆದದ್ದು ಟೋಕಿಯೋದ ನೆಜು ಮ್ಯೂಸಿಯಂನಲ್ಲಿ. ಚಿತ್ರಕಾರ ಒಗಾತಾ ಕೋರಿನ್ 1700ರ ಆಸುಪಾಸಿನಲ್ಲಿ ಬರೆದ ಐರಿಸ್ ಹೂವಿನ ಜೋಡಿ ಮಡಿಸುವ ಪರದೆ ಅಲ್ಲಿದೆ. ಒಂದೊಂದರಲ್ಲೂ ಆರು ಫಲಕ. ಉದ್ದಕ್ಕೂ ಚಿನ್ನದ ರೇಕು, ಅದರ ಮೇಲೆ ನೀಲಿ ಹೂ, ಹಸಿರು ಎಲೆ. ಬೇರೇನೂ ಇಲ್ಲ. ಆದರೆ ಹಿಂದೆ ಒಂದು ಕಥೆಯಿದೆ. ‘ಇಸೆ ಕಥೆಗಳು’ ಎಂಬ ಜಪಾನಿನ ಹಳೇ ಪುಸ್ತಕದಲ್ಲಿ ರಾಜಧಾನಿ ಬಿಟ್ಟು ಹೊರಟವನೊಬ್ಬ ಸೇತುವೆಗಳಿರುವ ಯಾತ್ಸುಹಾಶಿ ಎಂಬಲ್ಲಿ ಊಟಕ್ಕೆ ಕೂರುತ್ತಾನೆ. ಎದುರಿಗೆ ಈ ಹೂಗಳು. ಊರಲ್ಲಿ ಬಿಟ್ಟುಬಂದ ಹೆಂಡತಿಯನ್ನು ನೆನೆದು ಪದ್ಯ ಕಟ್ಟುತ್ತಾನೆ. ಜೊತೆಗಿದ್ದವರೆಲ್ಲ ಅತ್ತು, ಕಣ್ಣೀರು ಬಿದ್ದು ಒಣಗಿಸಿದ ಅನ್ನ ಉಬ್ಬಿಹೋಯಿತಂತೆ! ಕೋರಿನ್ ಆ ಮನುಷ್ಯರನ್ನೂ ಬರೆದಿಲ್ಲ, ಸೇತುವೆಯನ್ನೂ ಬರೆದಿಲ್ಲ. ಕಥೆ ಗೊತ್ತಿದ್ದವರಿಗೆ ಹೂವೇ ಸಾಕು. ಹತ್ತಿರ ಹೋಗಿ ಎಸಳು ನೋಡಿ. ಅಂಚಿಗೆ ಗೆರೆಯಿಲ್ಲ, ನೀಲಿ ಬಣ್ಣವನ್ನೇ ದಪ್ಪಗೆ ಮೆತ್ತಿದ್ದಾರೆ. ಸುಮ್ನೆ ನಿಂತುಬಿಟ್ಟೆ.

ಈ ಪರದೆಯೂ ವರ್ಷವಿಡೀ ಇರುವುದಿಲ್ಲ. ಸಾಮಾನ್ಯವಾಗಿ ಏಪ್ರಿಲ್ ಮಧ್ಯದಿಂದ ಮೇ ಮಧ್ಯದವರೆಗೆ ಇಡುತ್ತಾರೆ, ಆಗ ಮ್ಯೂಸಿಯಂ ತೋಟದ ಕೊಳದಲ್ಲೂ ಅದೇ ಹೂ ಅರಳುತ್ತದೆ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ತನಕ ಜಪಾನಿಗೆಲ್ಲ ರಜೆ. ಸೂಟ್‌ಕೇಸ್ ಬಿಚ್ಚೋಕೂ ಜಾಗವಿಲ್ಲದ ರೂಮಿಗೆ ದುಪ್ಪಟ್ಟು ಬಾಡಿಗೆ ಕೊಟ್ಟೆವು. ನೀವು ಆ ರಜೆಗೆ ಮುಂಚಿನ ವಾರವೇ ಹೋಗಿ. ನೂಕುನುಗ್ಗಲು ನನಗಂತೂ ಆಗುವುದಿಲ್ಲ, ಬಾಗಿಲು ತೆರೆಯುವ ಹೊತ್ತಿಗೇ ಒಳಗಿರಿ.

ಊಟಕ್ಕೆ ದೊಡ್ಡ ಹೋಟೆಲ್ ಬೇಡ. ನಮ್ಮ ರೂಮಿನ ಹತ್ತಿರ ಅಜ್ಜ-ಅಜ್ಜಿ ನಡೆಸುವ ಒನಿಗಿರಿ, ಅಂದರೆ ಅನ್ನದ ಉಂಡೆಯ ಅಂಗಡಿ ಸಿಕ್ಕಿತು. ಕೂರಲು ನಾಲ್ಕೇ ಸ್ಟೂಲು. ಕೇಳಿದ ಮೇಲೆಯೇ ಬಿಸಿ ಅನ್ನ ಕಟ್ಟಿ, ಗರಿಗರಿ ನೋರಿ (ಒಣಗಿಸಿದ ಕಡಲಪಾಚಿಯ ಹಾಳೆ) ಸುತ್ತಿ ಕೊಡುತ್ತಾರೆ. ಒಳಗೆ ಉಪ್ಪು ಹಾಕಿದ ಉಮೆ ಎಂಬ ಹುಳಿ ಕಾಯಿ, ನಮ್ಮ ನೆಲ್ಲಿಕಾಯಿ ಉಪ್ಪಿನಕಾಯಿ ತರಹ ಬಾಯಿ ಚುರುಕಾಗುತ್ತೆ. ಎರಡು ತಿಂದರೆ ಹೊಟ್ಟೆ ತುಂಬಿತು, ಖರ್ಚು 500 ಯೆನ್ ಒಳಗೆ. ಇಂಥ ಅಂಗಡಿಗಳು ಓಣಿಗಳಲ್ಲಿ ಬೇಕಾದಷ್ಟಿವೆ, ಹುಡುಕಿ. ಸಸ್ಯಾಹಾರಿಗಳಾದರೆ, ಜೊತೆಗೆ ಕೊಡುವ ಮಿಸೋ (ಹುದುಗಿಸಿದ ಸೋಯಾ) ಸೂಪ್ ಬೇಡ ಅನ್ನಿ, ಅದಕ್ಕೆ ಸಾಮಾನ್ಯವಾಗಿ ಮೀನಿನ ಸಾರ ಹಾಕಿರುತ್ತಾರೆ. ಉಮೆಯಲ್ಲೂ ಕೆಲವೊಮ್ಮೆ ಮೀನಿನ ಚೂರು ಬೆರೆಸುತ್ತಾರೆ, ಕೇಳಿಯೇ ತಿನ್ನಿ.