ಸೆನ್ಸರಿಗೆ ಟೇಪ್ ಹಚ್ಚಿ ಮಲಗಿದ ರಾತ್ರಿ

ನಮ್ಮ ವಿಶ್ರಾಂತಿ ಕೋಣೆಯ ಲೈಟಿಗೆ ಸ್ವಿಚ್ಚೇ ಇಲ್ಲ, ಸೆನ್ಸರ್. ಮಗ್ಗುಲು ಬದಲಿಸಿದರೆ ಸಾಕು, ನಾಲ್ಕೂ ಟ್ಯೂಬ್‌ಲೈಟು ಝಗ್ಗನೆ ಹತ್ತಿಕೊಳ್ಳುತ್ತವೆ. ಆದರೆ ನಾವು ಬಾಯ್ಲರ್ ನಡೆಸುವ ಕಂಟ್ರೋಲ್ ರೂಮಿನಲ್ಲಿ, ಸ್ಕ್ರೀನ್ ಮೇಲೆ ಬೆಳಕು ಹೊಡೆಯುತ್ತೆ ಅಂತ, ರಾತ್ರಿಯೆಲ್ಲ ಮಬ್ಬು. ಮಲಗುವ ಕಡೆ ಹಗಲು, ಎಚ್ಚರ ಇರಬೇಕಾದ ಕಡೆ ಕತ್ತಲು. ಇದನ್ನು ಯಾರು ಮಾಡಿಸಿದರೋ, ನೈಟ್ ಶಿಫ್ಟ್ ಮಾಡಿದವರಂತೂ ಅಲ್ಲ.

ಕಣ್ಣು ಮುಚ್ಚಿದರೂ ರೆಪ್ಪೆ ದಾಟಿ ಸ್ವಲ್ಪ ಬೆಳಕು ಒಳಗೆ ಹೋಗೇ ಹೋಗುತ್ತದೆ. ಹಾಗಾಗಿ ಅಲ್ಲಿ ಬರುತ್ತಿದ್ದದ್ದು ಬರೀ ಜೊಂಪು. ಒಂದು ರಾತ್ರಿ ರೋಸಿಹೋಗಿ ಸೆನ್ಸರಿಗೆ ಕಪ್ಪು ಟೇಪ್ ಹಚ್ಚಿ ಮಲಗಿದೆ. 20 ನಿಮಿಷಕ್ಕೆ ಇಟ್ಟ ಅಲಾರ್ಮ್ ನಾನೇ ಆಫ್ ಮಾಡಿದ್ದೆನಂತೆ, ನೆನಪಿಲ್ಲ. ಎದ್ದಾಗ 3.20. ಪೂರ್ತಿ 50 ನಿಮಿಷ. ಪಾಪ ಮಲಗಲಿ ಅಂತ ಜೂನಿಯರ್ ಎಬ್ಬಿಸಿರಲಿಲ್ಲ.

ನೇರ ಬಂದು ಪ್ಯಾನೆಲ್ ಮುಂದೆ ಕೂತೆ. ಎರಡು ನಿಮಿಷ ಆಗಿರಬೇಕು, ವಾಕಿಟಾಕಿಯಲ್ಲಿ ಫೀಲ್ಡ್ ಹುಡುಗ: "ಸರ್, ಬಿ ಪಂಪ್ ವೈಬ್ರೇಶನ್ ಏರ್ತಾ ಇದೆ, ಎಗೆ ಚೇಂಜ್‌ಓವರ್ ಮಾಡಿ."

"ಸರಿ ಕಣಪ್ಪ" ಅಂದೆ. ಬಾಯ್ಲರಿಗೆ ನೀರು ತಳ್ಳೋ ಪಂಪು ಎರಡು, ಎ ಮತ್ತು ಬಿ; ಮೊದಲು ಎ ಶುರು ಮಾಡಿ ಆಮೇಲೆ ಬಿ ನಿಲ್ಲಿಸಬೇಕು. ನಾನು ಬಿ ಸ್ಟಾಪ್ ಒತ್ತಿದೆ. ಎ ಸ್ಟಾರ್ಟ್ ಮಾಡಿರಲಿಲ್ಲ! ಸಂಜೆ ರಿಪೇರಿ ಕೆಲಸಕ್ಕೆ ತೆಗೆದುಕೊಂಡಿದ್ದ ಎ ಇನ್ನೂ ಮ್ಯಾನ್ಯುವಲ್‌ನಲ್ಲೇ ಇತ್ತು, ತಾನಾಗೇ ಶುರುವಾಗಲ್ಲ; ಹ್ಯಾಂಡೋವರ್‌ನಲ್ಲಿ ನಾನೇ ಬರೆದುಕೊಂಡಿದ್ದೆ. ಡ್ರಮ್ ಲೆವೆಲ್, ಅಂದರೆ ಬಾಯ್ಲರ್ ಡ್ರಮ್ಮಿನ ನೀರಿನ ಮಟ್ಟ, ಮೈನಸ್ 40. ಮೈನಸ್ 70. ಅಂಕಿ ಕಾಣುತ್ತಿದೆ, ಆದರೆ ಬೇರೆ ಯಾರದೋ ಬಾಯ್ಲರ್ ನೋಡುತ್ತಿದ್ದೇನೆ ಅನ್ನೋ ಥರ. ಅಲಾರ್ಮ್ ಬಂತು, ಅಕ್ನಾಲೆಡ್ಜ್ ಮಾಡಿ ಸುಮ್ನೆ ಕೂತೆ.

"ಸರ್, ಇಲ್ಲಿ ಯಾವ ಪಂಪಿನ ಸದ್ದೂ ಇಲ್ವಲ್ಲ?"

ಆಗ ಹೊಟ್ಟೆ ಧಸಕ್ಕೆಂದಿತು. ಎ ಸ್ಟಾರ್ಟ್ ಕೊಟ್ಟೆ. ಲೆವೆಲ್ ಮೈನಸ್ 150ರಲ್ಲಿ ನಿಂತು ನಿಧಾನಕ್ಕೆ ಮೇಲೆದ್ದಿತು. ಬಾಯ್ಲರ್ ತಾನಾಗೇ ನಿಂತುಬಿಡುವ ಟ್ರಿಪ್ ಇದ್ದದ್ದು ಮೈನಸ್ 175ಕ್ಕೆ.

ಕತ್ತಲು ಮಾಡಿಕೊಂಡಿದ್ದು ತಪ್ಪಲ್ಲ. ಎದ್ದ ಮೇಲಿನದನ್ನು ಯೋಚಿಸಿಯೇ ಇರಲಿಲ್ಲ, ಅದು ತಪ್ಪು. ಅರ್ಧ ಗಂಟೆ ದಾಟಿದರೆ ಗಾಢ ನಿದ್ದೆಗೆ ಜಾರುವುದು ಜಾಸ್ತಿ, ಅದರ ಮಧ್ಯೆ ಎದ್ದರೆ ಮಂಪರು ಕಾಲು ಗಂಟೆಯಿಂದ ಅರ್ಧ ಗಂಟೆ ಇರುತ್ತದೆ, ಬೆಳಗಿನ ಜಾವವಾದರೆ ಇನ್ನೂ ಹೆಚ್ಚೇ. ಕಣ್ಣಿನಲ್ಲಿ ನೋಟಕ್ಕೆ ಬೇರೆ, ಹಗಲು-ರಾತ್ರಿ ಗುರುತಿಸೋಕೆ ಬೇರೆ ಕೋಶಗಳಿವೆ ಅಂತ 2002ರ ಸುಮಾರಿಗೇ ಗೊತ್ತಾಗಿದೆ. 480 ನ್ಯಾನೊಮೀಟರ್ ಆಸುಪಾಸಿನ ನೀಲಿ ಬೆಳಕು ಈ ಎರಡನೇ ಥರದವನ್ನು ಚೆನ್ನಾಗಿ ತಟ್ಟಿ, ಹಗಲಾಯ್ತು ಅಂತ ಎಚ್ಚರಿಸುತ್ತದೆ. ನಾನೋ ಒಂದು ಕತ್ತಲಿಂದ ಎದ್ದು ಇನ್ನೊಂದು ಕತ್ತಲಿಗೆ ಬಂದು ಕೂತಿದ್ದೆ. ಹಳೇ ಜೊಂಪಿನಲ್ಲಿ ಸುಖ ಇರಲಿಲ್ಲ ನಿಜ, ಆದರೆ ಹೀಗೆ ಒಂದು ದಿನವೂ ಆಗಿರಲಿಲ್ಲ.

ಈಗ ಎದ್ದ ಮೇಲೆ ಕಾರಿಡಾರಿನ ಬೆಳಕಿನಲ್ಲಿ ಕಾಲು ಗಂಟೆ ನಿಂತು ಲಾಗ್ ಶೀಟ್ ಓದುತ್ತೇನೆ. ಬೆಳಕು ಬಿದ್ದ ಮಾತ್ರಕ್ಕೆ ಮಂಪರು ಹಾರಿಹೋಗಲ್ಲ, ಹೊತ್ತೂ ಬೇಕು. ಅಲ್ಲಿತನಕ ಪ್ಯಾನೆಲ್ ಜೂನಿಯರ್ ಕೈಯಲ್ಲಿ. 20 ನಿಮಿಷಕ್ಕೆ ಎಬ್ಬಿಸದಿದ್ದರೆ ಅವನಿಗೂ ಬೈಗುಳ.

ಎಲ್ಲವನ್ನೂ ರಿಪೋರ್ಟ್‌ನಲ್ಲಿ ಬರೆದೆ. ಪ್ಯಾನೆಲ್ ಹತ್ತಿರ ಒಂದು ಒಳ್ಳೆ ಲೈಟ್ ಕೊಡಿ ಅಂತಲೂ ಕೇಳಿದೆ. ಲೈಟ್ ಬರಲಿಲ್ಲ. ವಿಶ್ರಾಂತಿ ಕೋಣೆಯಲ್ಲಿ 'ಸೆನ್ಸರ್ ಮುಟ್ಟಬಾರದು' ಅನ್ನೋ ನೋಟಿಸ್ ಬಂತು. ಅದನ್ನು ಅಂಟಿಸಿದ್ದು ನಾನು ಬಿಟ್ಟುಬಂದಿದ್ದ ಕಪ್ಪು ಟೇಪಿನಲ್ಲೇ.