ಹೊಗೆ ಸಮುದ್ರದ ಮೇಲಿತ್ತು, ಬೆಂಕಿ ಘಟ್ಟದಲ್ಲಿತ್ತು

ಫೆಬ್ರವರಿ ಬಂತೆಂದರೆ ನಾನು ಬೆಳಿಗ್ಗೆ ಏಳಕ್ಕೆಲ್ಲ ಕಾರವಾರದ ನಮ್ಮ ಆಫೀಸಿನಲ್ಲಿರುತ್ತೇನೆ. ಉಪಗ್ರಹದ ಚಿತ್ರ ನೋಡಿ, ಜಿಲ್ಲೆಯಲ್ಲಿ ಎಲ್ಲಿ ಹೊಗೆ, ಎಲ್ಲಿ ಬೆಂಕಿ ಎಂದು ಒಂದು ಪುಟ ಬರೆದು ಕಳಿಸುವುದು ನನ್ನ ಕೆಲಸ. ಮೊದಲ ವರ್ಷ ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಹೇಳಬೇಕು.

ಮಾರ್ಚ್ ತಿಂಗಳು. ನಮ್ಮ ದೇಶದ ಹವಾಮಾನ ಉಪಗ್ರಹ ಇನ್ಸಾಟ್‌ನ ಚಿತ್ರದಲ್ಲಿ ಅಂಕೋಲಾ ಎದುರಿನ ಸಮುದ್ರದ ಮೇಲೆ ತೆಳ್ಳಗಿನ ಬೂದು ಪಟ್ಟಿ ಕಂಡಿತು. ಮಂಜಲ್ಲ ಎಂದು ನೋಡಿದ ಕೂಡಲೇ ಗೊತ್ತಾಯಿತು. ಘಟ್ಟದ ಕಣಿವೆಯ ಮಂಜು ಹಾಲು ಚೆಲ್ಲಿದ ಹಾಗೆ ಬೆಳ್ಳಗಿರುತ್ತದೆ. ಬಿಸಿಲೇರಿದ ಹಾಗೆ ಅಂಚಿನಿಂದ ಕರಗುತ್ತ ಬರುತ್ತದೆ. ಹೊಗೆಗೆ ಅಂಚೇ ಇರುವುದಿಲ್ಲ. ಮಾಸಿದ ಬಣ್ಣ, ಅದರಡಿಯಲ್ಲಿ ಕರಾವಳಿಯ ಗೆರೆಯೂ ಕಾಣುತ್ತಿರುತ್ತದೆ. ಬೆಳಿಗ್ಗೆ, ಸಂಜೆ ಬಿಸಿಲು ಓರೆಯಾಗಿದ್ದಾಗ ಎದ್ದು ಕಾಣುವ ಹೊಗೆ ನಡುಮಧ್ಯಾಹ್ನ ಚಿತ್ರದಲ್ಲಿ ಸುಮ್ನೆ ಮಾಸಿ ಹೋಗುತ್ತದೆ. ಆಗ ಹೊಗೆ ಹೋಯಿತು ಎಂದುಕೊಳ್ಳಬಾರದು.

ಹೊಗೆಯೇನೋ ಹೌದು. ಎಲ್ಲಿಂದ ಬಂತು? ನಾಸಾದ ಬೆಂಕಿ ನಕ್ಷೆ ತೆರೆದೆ. ಉಪಗ್ರಹಕ್ಕೆ ಬೆಂಕಿಯ ಬಿಸಿ ಸಿಕ್ಕಿದ ಕಡೆ ಅದರಲ್ಲಿ ಚುಕ್ಕಿ ಬೀಳುತ್ತದೆ. ರಾತ್ರಿ ಒಂದೂವರೆ ಸುಮಾರಿಗೆ ಹಾದುಹೋದ ಉಪಗ್ರಹ ಹಳಿಯಾಳದ ಕಡೆ ಎರಡು ಚುಕ್ಕಿ ತೋರಿಸಿತ್ತು. ಕಬ್ಬು ಕಡಿದ ಗದ್ದೆಯಲ್ಲಿ ರವದಿ, ಅಂದರೆ ಉಳಿದ ಒಣ ಗರಿ, ಸುಡುವ ಕಾಲ. ಬೇರೆಲ್ಲೂ ಚುಕ್ಕಿ ಇಲ್ಲ. ‘ಹಳಿಯಾಳದ ರವದಿ ಹೊಗೆ, ಕಾಡಿಗೆ ತೊಂದರೆ ಇಲ್ಲ’ ಎಂದು ಬರೆದು ಕಳಿಸಿಬಿಟ್ಟೆ.

ಮರುದಿನ ಒಬ್ಬ ಫಾರೆಸ್ಟ್ ವಾಚರ್ ಫೋನ್ ಮಾಡಿದರು. ಯಲ್ಲಾಪುರದಿಂದ ಅಂಕೋಲಾಕ್ಕೆ ಇಳಿಯುವ ಘಟ್ಟದ ಇಳಿಜಾರಿನಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಎರಡು ದಿನದಿಂದ ಒಳಗೊಳಗೇ ಉರಿಯುತ್ತಿತ್ತಂತೆ. ಸೊಪ್ಪಿನ ಬೆಟ್ಟಕ್ಕೂ ಬೆಂಕಿ ತಗುಲಿತ್ತು. ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟ ಅಂದರೆ ವರ್ಷದ ಗೊಬ್ಬರ. ಆ ದಿನ ನನಗೆ ಊಟ ಸೇರಲಿಲ್ಲ.

ಸಂಜೆ ಕೂತು ಹಿಂದಿನ ದಿನದ ಚಿತ್ರಗಳನ್ನು ಒಂದಾದ ಮೇಲೊಂದು ಓಡಿಸಿದೆ. ಅರ್ಧ ಗಂಟೆಗೊಂದು ಚಿತ್ರ ಬರುತ್ತದೆ. ಒಂದೇ ಚಿತ್ರದಲ್ಲಿ ಸುಮ್ಮನೆ ನಿಂತ ಪಟ್ಟಿಯಾಗಿದ್ದದ್ದು ಓಡಿಸಿದಾಗ ಬಾಲವುಳ್ಳ ಹೊಗೆಯಾಯಿತು. ಆ ಬಾಲ ಗಂಗಾವಳಿ ಕಣಿವೆಯೊಳಗಿತ್ತು. ರಾತ್ರಿ ನೆಲ ತಣಿದಾಗ ಗಾಳಿ ಘಟ್ಟದಿಂದ ಕಣಿವೆ ಹಿಡಿದು ಸಮುದ್ರಕ್ಕೆ ಇಳಿಯುತ್ತದೆ, ಹೊಗೆಯೂ ಅದರ ಜೊತೆಗೇ ಇಳಿಯುತ್ತದೆ. ಬಿಸಿಲೇರಿದ ಮೇಲೆ ಕಡಲಗಾಳಿ ಅದೇ ಹೊಗೆಯನ್ನು ದಡಕ್ಕೆ ತಳ್ಳುತ್ತದೆ. ಕಾರವಾರದವರಿಗೆ ಮಧ್ಯಾಹ್ನ ವಾಸನೆ ಬರುವುದು ಸಮುದ್ರದ ಕಡೆಯಿಂದ! ಮೀನುಗಾರರನ್ನು ಕೇಳಿದ್ದರೆ ಗಾಳಿಯ ವಿಷಯ ಅವರೇ ಹೇಳುತ್ತಿದ್ದರು, ಅಲ್ವಾ?

ಚುಕ್ಕಿ ಯಾಕೆ ಬೀಳಲಿಲ್ಲ ಎಂದರೆ, ನೆಲದ ಮೇಲೆ ಮೊಣಕಾಲೆತ್ತರವೂ ಇಲ್ಲದ ಬೆಂಕಿ ಅದು. ಮೇಲೆ ದಟ್ಟ ಮರ. ಎಲೆಗಳ ಚಪ್ಪರ ದಾಟಿ ಅದರ ಬಿಸಿ ಉಪಗ್ರಹಕ್ಕೆ ಮುಟ್ಟುವುದು ಕಷ್ಟ. ಬಯಲಿನ ರವದಿ ಬೆಂಕಿ ಸಣ್ಣದಾದರೂ ಬೇಗ ಸಿಗುತ್ತದೆ. ಇನ್ನೊಂದು ಮಾತು: ಚುಕ್ಕಿ ಬಿದ್ದ ಕಡೆಯೇ ಬೆಂಕಿ ಇರಬೇಕೆಂದಿಲ್ಲ. ಆ ಉಪಗ್ರಹದಲ್ಲಿ ಬೆಂಕಿ ಗುರುತಿಸುವ ವೀರ್ಸ್ ಉಪಕರಣದ ಒಂದು ಚುಕ್ಕಿ ಸುಮಾರು 375 ಮೀಟರ್ ಚೌಕದ ನಡುಭಾಗ ಅಷ್ಟೇ. ಘಟ್ಟದಲ್ಲಿ ಅಷ್ಟು ದೂರಕ್ಕೆ ಒಂದು ಹಳ್ಳ, ಒಂದು ಗುಡ್ಡ ಅಡ್ಡ ಬಂದಿರುತ್ತದೆ. ಚುಕ್ಕಿ ನಂಬಿ ಹೋದವರು ಹಳ್ಳದ ಆಚೆ ದಡದಲ್ಲಿ ನಿಂತಿರುತ್ತಾರೆ.

ಈಗ ನನ್ನ ಟಿಪ್ಪಣಿಯಲ್ಲಿ ‘ಹೊಗೆ ಕಂಡದ್ದು’ ಒಂದು ಸಾಲು, ‘ಬೆಂಕಿ ಇರುವುದು’ ಇನ್ನೊಂದು ಸಾಲು. ಎರಡನೆಯದನ್ನು ಬರೆಯುವ ಮೊದಲು ಗಾಳಿಯ ಜಾಡು ಹಿಡಿದು ಹಿಂದಕ್ಕೆ ಹೋಗುತ್ತೇನೆ. ಆಮೇಲೆ ಆ ವಾಚರ್‌ಗೇ ಫೋನ್ ಮಾಡುತ್ತೇನೆ. ‘ನಿಮ್ಮಲ್ಲಿ ವಾಸನೆ ಉಂಟಾ?’ ಎಂದು ಕೇಳುತ್ತೇನೆ. ಅವರು ಅಂಗಳಕ್ಕೆ ಇಳಿದು ಬರುವವರೆಗೆ ಫೋನ್ ಹಿಡಿದೇ ಕೂತಿರುತ್ತೇನೆ.